ಗಿಟ್ ತಂತ್ರಾಂಶ: ದಿನನಿತ್ಯದ ತೊಡಕುಗಳೂ ಪರಿಹಾರೋಪಾಯಗಳೂ

ಠಾಣೆ–ಬೇಲಾಪುರ ರಸ್ತೆಗೆ ಹೊಂದಿಕೊಂಡಿರುವ ರಬಾಳೆಯ ಕೈಗಾರಿಕಾ ಪ್ರದೇಶವು ಒಂದು ಕಾಲದಲ್ಲಿ ರಾಸಾಯನಿಕ ಮತ್ತು ಯಂತ್ರೋಪಕರಣಗಳ ಕಾರ್ಖಾನೆಗಳಿಗೆ ಹೆಸರಾಗಿತ್ತು. ಇಂದು ಅದೇ ಪರಿಸರದಲ್ಲಿ ತಂತ್ರಾಂಶ ಸಂಸ್ಥೆಗಳೂ ದತ್ತಾಂಶ ಕೇಂದ್ರಗಳೂ ತಲೆಯೆತ್ತಿವೆ. ಡೊಂಬಿವಲಿ, ಕಲ್ಯಾಣಗಳ ಕನ್ನಡ ಕುಟುಂಬಗಳ ಯುವಕ ಯುವತಿಯರು ಠಾಣೆಯಲ್ಲಿ ಗಾಡಿ ಬದಲಿಸಿ ಐರೋಲಿ, ರಬಾಳೆ, ಘನ್ಸೋಲಿ ನಿಲ್ದಾಣಗಳಲ್ಲಿ ಇಳಿದು ಈ ಉದ್ಯೋಗಗಳಿಗೆ ಹೋಗುತ್ತಾರೆ. ಅವರು ನಿತ್ಯವೂ ಬಳಸುವ, ಒಮ್ಮೊಮ್ಮೆ ಅವರ ನಿದ್ದೆಯನ್ನೂ ಕೆಡಿಸುವ ಉಪಕರಣವೊಂದಿದೆ. ಅದೇ ಗಿಟ್. ಅದರ ಸಾಮಾನ್ಯ ತೊಡಕುಗಳನ್ನೂ ಅವುಗಳ ನಿವಾರಣೆಯನ್ನೂ ಇಲ್ಲಿ ಸಂಗ್ರಹವಾಗಿ ವಿವರಿಸಲಾಗಿದೆ.

ಗಿಟ್ ಎಂದರೇನು?

ಹತ್ತಾರು ಜನ ಸೇರಿ ಒಂದೇ ಕಾರ್ಯದಲ್ಲಿ ತೊಡಗಿರುವಾಗ ಯಾರು, ಎಂದು, ಯಾವ ಕಡತದಲ್ಲಿ ಏನನ್ನು ಬದಲಿಸಿದರೆಂಬುದನ್ನು ಕ್ರಮವಾಗಿ ಬರೆದಿಡುವುದೇ ಆವೃತ್ತಿ ನಿಯಂತ್ರಣ ತಂತ್ರಾಂಶದ ಕೆಲಸ. ಹಳೆಯ ಪದ್ಧತಿಯಲ್ಲಿ ಈ ಇತಿಹಾಸವೆಲ್ಲ ಒಂದು ಕೇಂದ್ರ ಗಣಕದಲ್ಲಿ ಮಾತ್ರ ಇರುತ್ತಿತ್ತು. ವಿಕೇಂದ್ರೀಕೃತ ಪದ್ಧತಿಯಲ್ಲಿ ಸಾಮಾನ್ಯವಾಗಿ ಪ್ರತಿಯೊಬ್ಬರ ಗಣಕದಲ್ಲಿಯೂ ಇಡೀ ಇತಿಹಾಸದ ಪ್ರತಿಯಿರುತ್ತದೆ.

ಲಿನಕ್ಸ್ ನಿರ್ಮಾಪಕರು 2002ರಿಂದ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ತಂತ್ರಾಂಶದ ಉಚಿತ ಬಳಕೆಯು 2005ರಲ್ಲಿ ನಿಂತುಹೋಯಿತು. ಆಗ ಲಿನಸ್ ಟೊರ್ವಾಲ್ಡ್ಸ್ ಅವರು ಅದೇ ವರ್ಷದ ಏಪ್ರಿಲ್‌ನಲ್ಲಿ ಗಿಟ್‌ನ ರಚನೆಗೆ ಕೈಹಾಕಿದರು. ಒಲಿವಿಯಾ ಮ್ಯಾಕಲ್ ಅವರ ಮರ್ಕ್ಯುರಿಯಲ್ ಕೂಡ ಅದೇ ತಿಂಗಳಲ್ಲಿ ಹೊರಬಂದಿತು.

ಅದೇ 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದು ರೈಲು ಸಂಚಾರ ಸ್ಥಗಿತಗೊಂಡುದನ್ನು ಮುಂಬಯಿಯ ಕನ್ನಡಿಗರು ಮರೆತಿರಲಾರರು. ಅಂತಹ ದಿನ ಕೇಂದ್ರ ಗಣಕದ ಸಂಪರ್ಕ ಕಡಿದುಹೋದರೂ ಗಿಟ್ ಬಳಸುವವರು ತಮ್ಮ ಗಣಕದಲ್ಲಿಯೇ ದಾಖಲೆಗಳನ್ನು ಬರೆಯುತ್ತ ಹೋಗಿ, ಸಂಪರ್ಕ ಮರಳಿದ ಬಳಿಕ ಕಳುಹಿಸಬಹುದು. ಆದರೆ ಪ್ರತಿಗಳು ಹಲವಾದಾಗ ಅವುಗಳನ್ನು ಪರಸ್ಪರ ತಾಳೆ ನೋಡುವ ಹೊಣೆಯೂ ಬರುತ್ತದೆ. ತೊಡಕುಗಳು ಬಹುಮಟ್ಟಿಗೆ ಹುಟ್ಟುವುದು ಇಲ್ಲಿಯೇ.

ಮೊದಲು ಪರೀಕ್ಷೆ, ಅನಂತರ ಚಿಕಿತ್ಸೆ

ತೊಡಕು ಕಂಡೊಡನೆ ಗಾಬರಿಯಿಂದ ಇಡೀ ಕಡತಕೋಶವನ್ನು ಅಳಿಸಿ ಹೊಸ ಪ್ರತಿಯನ್ನು ತರಿಸಿಕೊಳ್ಳುವುದು ಅನೇಕರ ರೂಢಿ. ಇದು ಅಪಾಯಕರ. ಕೇಂದ್ರಕ್ಕೆ ಇನ್ನೂ ಕಳುಹಿಸದ ಕೆಲಸವೆಲ್ಲ ಅದರೊಡನೆ ನಾಶವಾಗುತ್ತದೆ. ಮೊದಲು ‘ಗಿಟ್ ಸ್ಟೇಟಸ್’ ಎಂಬ ಆಜ್ಞೆಯನ್ನು ಕೊಟ್ಟು ಸ್ಥಿತಿಯನ್ನು ಅರಿಯಬೇಕು. ಅದು ಏನನ್ನೂ ಕೆಡಿಸದು. ಮುಂದೇನು ಮಾಡಬಹುದೆಂಬ ಸೂಚನೆಯನ್ನೂ ಅನೇಕ ಸಲ ಕೊಡುತ್ತದೆ. ಸಂದೇಹವಿದ್ದಲ್ಲಿ ಗುಪ್ತವಾಗಿರುವ ‘ಡಾಟ್ ಗಿಟ್’ ಕೋಶವೂ ಸೇರಿದಂತೆ ಎಲ್ಲವನ್ನೂ ಬೇರೆಡೆ ನಕಲು ಮಾಡಿಟ್ಟು ಮುಂದುವರಿಯುವುದು ಕ್ಷೇಮ.

ಕಳುಹಿಸಿದ್ದು ತಿರಸ್ಕೃತವಾದರೆ

‘ಪುಷ್’ ಮಾಡಿದಾಗ ಕೇಂದ್ರವು ನಿರಾಕರಿಸಿದರೆ, ಸಾಮಾನ್ಯವಾಗಿ ಸಹೋದ್ಯೋಗಿಯೊಬ್ಬರು ಮೊದಲೇ ತಮ್ಮ ಕೆಲಸವನ್ನು ಸೇರಿಸಿದ್ದಾರೆಂದು ಅರ್ಥ. ‘ಫೆಚ್’ ಮೂಲಕ ಅವರ ದಾಖಲೆಗಳನ್ನು ತರಿಸಿ, ‘ಮರ್ಜ್’ ಮೂಲಕ ತನ್ನ ದಾಖಲೆಗಳೊಡನೆ ಕೂಡಿಸಿ, ಪುನಃ ಕಳುಹಿಸಬೇಕು. ‘ಫೋರ್ಸ್’ ಎಂಬ ಪದವನ್ನು ಸೇರಿಸಿ ಬಲವಂತವಾಗಿ ನೂಕಿದರೆ ಇನ್ನೊಬ್ಬರ ಶ್ರಮವು ಕೇಂದ್ರದ ಶಾಖೆಯಿಂದ ಮರೆಯಾಗುತ್ತದೆ.

ಇಬ್ಬರೂ ಒಂದೇ ಸಾಲನ್ನು ತಿದ್ದಿದ್ದರೆ ಗಿಟ್ ತಾನಾಗಿ ತೀರ್ಪು ಕೊಡದೆ, ಇಬ್ಬರ ಬರಹವನ್ನೂ ಗುರುತುಗಳ ನಡುವೆ ಕಡತದಲ್ಲಿಯೇ ತೋರಿಸುತ್ತದೆ. ಅವೆರಡನ್ನೂ ಓದಿ, ಅಗತ್ಯವಾದರೆ ಆ ಸಹೋದ್ಯೋಗಿಯನ್ನು ಕೇಳಿ, ಸರಿಯಾದುದನ್ನು ಉಳಿಸಿ, ಗುರುತುಗಳನ್ನು ತೆಗೆದು ದಾಖಲಿಸಬೇಕು. ದಾರಿ ತಪ್ಪಿತೆನಿಸಿದರೆ ‘ಗಿಟ್ ಮರ್ಜ್ ಅಬಾರ್ಟ್’ ಎಂಬ ಆಜ್ಞೆಯಿಂದ ಹಿಂದಿನ ಸ್ಥಿತಿಗೆ ಮರಳಬಹುದು.

ದಾಖಲೆ ಕಳೆದುಹೋದಂತೆ ತೋರಿದರೆ

ಶಾಖೆಯನ್ನು ತಪ್ಪಿ ಅಳಿಸಿದಾಗ, ಇಲ್ಲವೆ ‘ರೀಸೆಟ್’ ಆಜ್ಞೆ ಕೊಟ್ಟು ಹಿಂದೆ ಸರಿದಾಗ ವಾರಗಳ ಕೆಲಸ ಮಾಯವಾದಂತೆ ತೋರುತ್ತದೆ. ಎದೆಗುಂದಬೇಕಾದುದಿಲ್ಲ. ‘ಗಿಟ್ ರೆಫ್‌ಲಾಗ್’ ಎಂಬ ಆಜ್ಞೆಯು ಆ ಗಣಕದಲ್ಲಿ ಇತ್ತೀಚೆಗೆ ಎಲ್ಲೆಲ್ಲಿ ನಿಂತಿದ್ದರೆಂಬುದನ್ನು ಪಟ್ಟಿಮಾಡುತ್ತದೆ. ಬೇಕಾದ ದಾಖಲೆಯ ಸಂಖ್ಯೆಯನ್ನು ಅದರಲ್ಲಿ ಗುರುತಿಸಿ, ಆ ಬಿಂದುವಿನಿಂದ ಹೊಸ ಶಾಖೆಯನ್ನು ತೆರೆದರೆ ಕೆಲಸ ಮರಳಿ ಸಿಗುತ್ತದೆ. ಯಾವ ಶಾಖೆಗೂ ಸೇರದೆ ಉಳಿದ ದಾಖಲೆಗಳ ಸುಳಿವು ಸಾಮಾನ್ಯವಾಗಿ 30 ದಿನ ಇರುತ್ತದೆಯಾದ್ದರಿಂದ ತಡಮಾಡಬಾರದು. ಒಂದು ಎಚ್ಚರಿಕೆ: ‘ಕಮಿಟ್’ ಮಾಡದ ಬರಹಕ್ಕೆ ಈ ರಕ್ಷಣೆಯಿಲ್ಲ. ‘ರೀಸೆಟ್ ಹಾರ್ಡ್’ ಎಂಬ ಆಜ್ಞೆಯು ಅಂತಹ ಬರಹವನ್ನು ಅಳಿಸಿಬಿಡುತ್ತದೆ.

ತಪ್ಪು ದಾಖಲೆ ಹಂಚಿಹೋದರೆ

ಬ್ಯಾಂಕಿನ ಲೆಡ್ಜರಿನಲ್ಲಿ ತಪ್ಪು ನಮೂದಾದರೆ ಅದನ್ನು ರಬ್ಬರಿನಿಂದ ಅಳಿಸುವ ಪದ್ಧತಿಯಿಲ್ಲ. ಪ್ರತಿನಮೂದು ಹಾಕಿ ಲೆಕ್ಕವನ್ನು ಸರಿಪಡಿಸುತ್ತಾರೆ. ತಪ್ಪೂ ತಿದ್ದುಪಡಿಯೂ ಲೆಡ್ಜರಿನಲ್ಲಿ ಉಳಿಯುತ್ತವೆ. ಗಿಟ್‌ನ ‘ರಿವರ್ಟ್’ ಆಜ್ಞೆಯು ಇಂತಹ ಪ್ರತಿನಮೂದು. ತನ್ನ ಗಣಕದಲ್ಲಿಯೇ ಇರುವ ದಾಖಲೆಯನ್ನು ಬೇಕಾದಂತೆ ತಿದ್ದಬಹುದು. ಇತರರ ಕೈಸೇರಿದ ದಾಖಲೆಯನ್ನು ಮಾತ್ರ ‘ರಿವರ್ಟ್’ ಮೂಲಕವೇ ಸರಿಪಡಿಸಬೇಕು. ಇತಿಹಾಸವನ್ನು ಒಬ್ಬರು ತಿದ್ದಿ ಬರೆದರೆ ಉಳಿದವರ ಪ್ರತಿಗಳು ತಾಳೆಯಾಗುವುದಿಲ್ಲ.

ಗುಪ್ತಪದವು ಕಡತದೊಡನೆ ಹೊರಟುಹೋದಾಗ ಈ ಉಪಾಯವೂ ಸಾಲದು. ಹೊಸ ಆವೃತ್ತಿಯಿಂದ ಅದನ್ನು ತೆಗೆದರೂ ಹಳೆಯ ದಾಖಲೆಗಳಲ್ಲಿ, ಎಲ್ಲರ ಪ್ರತಿಗಳಲ್ಲಿ ಅದು ಉಳಿದಿರುತ್ತದೆ. ಚೆಕ್ಕು ಕಳೆದಾಗ ಹುಡುಕುವುದಕ್ಕೆ ಮುಂಚೆ ಪಾವತಿಯನ್ನು ತಡೆಹಿಡಿಸುವಂತೆ, ಮೊದಲು ಆ ಗುಪ್ತಪದವನ್ನೇ ಬದಲಿಸಬೇಕು.

ಕನ್ನಡ ಹೆಸರಿನ ಕಡತಗಳು

ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಅಕ್ಷರಶೈಲಿಗಳ ಮೂಲ ಕಡತಗಳು ಗಿಟ್ ಭಂಡಾರಗಳಲ್ಲಿ ಲಭ್ಯವಿವೆ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಎದುರಾಗುವ ವಿಚಿತ್ರವೊಂದುಂಟು. ಕಡತದ ಹೆಸರು ಕನ್ನಡದಲ್ಲಿದ್ದರೆ ಗಿಟ್ ಅಕ್ಷರಗಳ ಬದಲು ಅಂಕಿಗಳನ್ನು ತೋರಿಸುತ್ತದೆ. ‘ಕ’ ಇರುವೆಡೆ 340, 262, 225 ಎಂಬ ಸಂಖ್ಯೆಗಳು ಕಾಣುತ್ತವೆ. ಕಡತ ಕೆಟ್ಟಿಲ್ಲ. ‘ಕೋರ್ ಡಾಟ್ ಕ್ವೋಟ್‌ಪಾತ್’ ಎಂಬ ವ್ಯವಸ್ಥೆಯನ್ನು ‘ಫಾಲ್ಸ್’ ಎಂದು ಬದಲಿಸಿದರೆ ಕನ್ನಡವೇ ಕಾಣುತ್ತದೆ. ಇನ್ನು ‘ಕೊ’ ಎಂಬಲ್ಲಿನ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತದಿಂದಲೂ ಎರಡು ಸಂಕೇತಗಳಿಂದಲೂ ಬರೆಯಲು ಸಾಧ್ಯ. ಆದುದರಿಂದ ಬೇರೆ ಬೇರೆ ಬಗೆಯ ಗಣಕಗಳ ನಡುವೆ ಒಂದೇ ಹೆಸರು ಎರಡು ಹೆಸರುಗಳಾಗಿ ಕಂಡುಬರಬಹುದು. ತಂಡದಲ್ಲಿ ಇಂತಹ ಗೊಂದಲವಿದ್ದರೆ ಕಡತದ ಹೆಸರನ್ನು ರೋಮನ್ ಲಿಪಿಯಲ್ಲಿಟ್ಟು ಒಳಗಿನ ಬರಹವನ್ನು ಕನ್ನಡದಲ್ಲಿಡುವುದು ಲೇಸು.

ರೋಗ ಬಾರದಂತೆ ಪಥ್ಯ

ಕೆಲಸವನ್ನು ಸಣ್ಣ ಸಣ್ಣ ಭಾಗಗಳಾಗಿ ದಾಖಲಿಸುವುದು, ಪ್ರತಿಯೊಂದಕ್ಕೂ ಅರ್ಥವಾಗುವಂತಹ ಟಿಪ್ಪಣಿ ಬರೆಯುವುದು, ಬೆಳಿಗ್ಗೆ ಇತರರ ದಾಖಲೆಗಳನ್ನು ತರಿಸಿಕೊಂಡು ಸಂಜೆ ತನ್ನ ಶಾಖೆಯನ್ನು ಕೇಂದ್ರಕ್ಕೆ ಕಳುಹಿಸಿ ಹೊರಡುವುದು, ಇವು ಉತ್ತಮ ಅಭ್ಯಾಸಗಳು. ಅಳಿಸುವ ಮತ್ತು ಬಲವಂತದ ಆಜ್ಞೆಗಳನ್ನು ನಿದ್ದೆಗೆಟ್ಟ ಕಣ್ಣುಗಳಿಂದ ನಡುರಾತ್ರಿಯಲ್ಲಿ ಎಂದಿಗೂ ಕೊಡಬಾರದು. ದಾಖಲಾದ ಕೆಲಸ ಬೆಳಗಿನವರೆಗೆ ಎಲ್ಲಿಗೂ ಹೋಗುವುದಿಲ್ಲ. ಈ ಭರವಸೆಯುಳ್ಳವರು ನಿಶ್ಚಿಂತೆಯಿಂದ ಮನೆಗೆ ಮರಳಿ, ಮನೆಯವರೊಡನೆ ಊಟ ಮಾಡಿ, ಸುಖವಾಗಿ ನಿದ್ರಿಸಬಹುದು.