ಟೇಬಲ್ ಟೆನ್ನಿಸಿನಲ್ಲಿ ನಮ್ಮ ಮಟ್ಟವನ್ನು ಅರಿಯುವ ಬಗೆ

ಬಿಡುವಿನ ವೇಳೆಯಲ್ಲಿ ಟೇಬಲ್ ಟೆನ್ನಿಸ್ ಆಡುವ ವಿದ್ಯಾರ್ಥಿಯನ್ನು ಅವನ ಆಟದ ಬಗ್ಗೆ ವಿಚಾರಿಸಿದರೆ, "ನಮ್ಮ ಶಾಲೆಯಲ್ಲಿ ನನ್ನನ್ನು ಸೋಲಿಸುವವರಿಲ್ಲ" ಎಂಬ ಉತ್ತರ ಬರುವುದುಂಟು. ಉತ್ತರವೇನೋ ನಿಜವೇ. ಆದರೆ ನಾಲ್ವರು ಗೆಳೆಯರು ವರ್ಷವೆಲ್ಲ ಒಂದೇ ಮೇಜಿನಲ್ಲಿ ಆಡಿದರೆ ಒಬ್ಬನ ಸರ್ವಿಸು ಇನ್ನೊಬ್ಬನಿಗೆ ಬಾಯಿಪಾಠವಾಗಿರುತ್ತದೆ. ಅಂಥವನು ತಾಲೂಕು ಪಂದ್ಯದ ಮೊದಲ ಸುತ್ತಿನಲ್ಲಿಯೇ ಸೋತು, ಮರಳಿ ಬಂದು ಬ್ಯಾಟನ್ನು ಮೂಲೆಗೆಸೆಯುವುದನ್ನು ನಾವು ಕಂಡಿದ್ದೇವೆ. ಸೋಲು ದೊಡ್ಡದಲ್ಲ; ಆಟವನ್ನೇ ಬಿಟ್ಟುದು ದೊಡ್ಡ ನಷ್ಟ.

ಮೊದಲು ಒಬ್ಬನೇ ಮಾಡಬಹುದಾದ ಪರೀಕ್ಷೆ. ಮೇಜಿನ ಆಚೆಯ ಮೂಲೆಯಲ್ಲಿ ಒಂದು ಹಾಳೆಯನ್ನಿಟ್ಟು ಇಪ್ಪತ್ತು ಸರ್ವಿಸು ಮಾಡಿ, ಅದರ ಮೇಲೆ ಬಿದ್ದವೆಷ್ಟೆಂದು ಎಣಿಸಬೇಕು. ಚೆಂಡು ತೆರೆದ ಅಂಗೈಯಿಂದ ಕನಿಷ್ಠ 16 ಸೆಂಟಿಮೀಟರು ಮೇಲೇಳಬೇಕೆಂಬುದು ನಿಯಮ. ಎತ್ತದೆ ಹೊಡೆದವು ಲೆಕ್ಕಕ್ಕಿಲ್ಲ. ಬಳಿಕ ಗೆಳೆಯನೊಡನೆ ತಪ್ಪದೆ ಎಷ್ಟು ಹೊಡೆತ ಸಾಗುವುದೆಂದು ನೋಡಬಹುದು. ಆದರೆ ಹೀಗೆ ಐವತ್ತು ದಾಟಿದವನು ಪಂದ್ಯದಲ್ಲಿ ಐದಕ್ಕೇ ತಪ್ಪುವುದು ವಿರಳವಲ್ಲ. ಆದುದರಿಂದ ನಾವು ಹೆಚ್ಚು ಬೆಲೆ ಕೊಡುವುದು ಬೇರೊಂದು ಲೆಕ್ಕಕ್ಕೆ: ಎದುರಾಳಿಯ ಸರ್ವಿಸಿನಲ್ಲಿ ನಾವು ಗಳಿಸಿದ ಅಂಕವೆಷ್ಟು? ಬ್ಯಾಕ್‌ಸ್ಪಿನ್ ಚೆಂಡು ಬ್ಯಾಟಿಗೆ ತಾಗಿ ಬಲೆಗೆ ಇಳಿಯುತ್ತದೆ. ಟಾಪ್‌ಸ್ಪಿನ್ ಚೆಂಡು ಮೇಜು ದಾಟಿ ಹಾರುತ್ತದೆ. ಇದನ್ನು ಎದುರಾಳಿಯ ಮಣಿಕಟ್ಟಿನ ಚಲನೆಯಲ್ಲಿಯೇ ಗುರುತಿಸಲು ಬಾರದವನ ಹೊಡೆತ ಎಷ್ಟು ಬಿರುಸಾಗಿದ್ದರೇನು!

ಅಪರಿಚಿತ ಬ್ಯಾಟಿನ ಮುಂದೆ ನುರಿತವರೂ ತಬ್ಬಿಬ್ಬಾಗುತ್ತಾರೆ. 1952ರಲ್ಲಿ ನಮ್ಮ ಮುಂಬಯಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಜಪಾನಿನ ಹಿರೋಜಿ ಸಾಟೊ ದಪ್ಪ ಸ್ಪಂಜಿನ ಬ್ಯಾಟು ಹಿಡಿದು ಬಂದರು. ಚೆಂಡು ತಾಗಿದ ಸದ್ದೇ ಸರಿಯಾಗಿ ಕೇಳದೆ, ವೇಗವನ್ನು ಅಂದಾಜು ಮಾಡಲಾರದೆ ಹೆಸರಾಂತ ಆಟಗಾರರು ಸೋತರು. ಪುರುಷರ ಸಿಂಗಲ್ಸ್ ಪದವಿ ಸಾಟೊ ಅವರಿಗೆ ದಕ್ಕಿತು.

ಒಂದು ಗೇಮಿನ ಫಲವನ್ನೂ ಬಹಳ ನಂಬಲಾಗದು. 2001ರಿಂದ ಗೇಮು 21ರ ಬದಲು 11 ಅಂಕಗಳದ್ದಾಗಿದೆ. ನೂರು ಅಂಕಗಳಲ್ಲಿ 55ನ್ನು ಗೆಲ್ಲಬಲ್ಲವನು ನಿಶ್ಚಯವಾಗಿ ಮೇಲಾದ ಆಟಗಾರ. ಆದರೂ ಲೆಕ್ಕ ಹಾಕಿದರೆ ಅವನು ಹತ್ತು ಗೇಮುಗಳಲ್ಲಿ ಸುಮಾರು ಮೂರನ್ನು ಸೋಲುತ್ತಾನೆ. ಐದರಲ್ಲಿ ಮೂರು ಗೇಮು ಗೆಲ್ಲಬೇಕಾದ ಪಂದ್ಯವಾದರೆ ಹತ್ತರಲ್ಲಿ ಎಂಟನ್ನು ಗೆದ್ದಾನು.

ಚದುರಂಗಕ್ಕಾಗಿ ಆರ್ಪಾಡ್ ಇಲೊ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು ಒಂದು ಅಂಕಪದ್ಧತಿಯನ್ನು ರೂಪಿಸಿದರು. ಅಂತರರಾಷ್ಟ್ರೀಯ ಚದುರಂಗ ಸಂಸ್ಥೆ 1970ರಲ್ಲಿ ಅದನ್ನು ಸ್ವೀಕರಿಸಿತು. ಬಲಿಷ್ಠನನ್ನು ಗೆದ್ದರೆ ಹೆಚ್ಚು ಅಂಕ, ದುರ್ಬಲನನ್ನು ಗೆದ್ದರೆ ಅತ್ಯಲ್ಪ. ಇದೇ ಬಗೆಯ ಪದ್ಧತಿ ಟೇಬಲ್ ಟೆನ್ನಿಸಿನಲ್ಲಿಯೂ ಬಳಕೆಯಲ್ಲಿದೆ. ಆದರೆ ನಾಲ್ವರೇ ಆಡುತ್ತಿದ್ದರೆ ಅಂಕಗಳು ಆ ನಾಲ್ವರೊಳಗೇ ಸುತ್ತುತ್ತವೆ; ಹೊರಗಿನವರೊಡನೆ ಹೋಲಿಸಲು ಅವು ಬಾರವು. ನಮ್ಮಂಥ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆಯೇ ಕಡಿಮೆ. ಪಕ್ಕದ ಮರಾಠಿ ಶಾಲೆಯ ಹುಡುಗರೊಡನೆ ತಿಂಗಳಿಗೊಮ್ಮೆ ಆಡಿದರೆ ಈ ಕೊರತೆ ನೀಗೀತು. ಬಸ್ಸಿನ ಖರ್ಚಿಗೆ ಪಾಲಕರು ಬೇಸರಿಸಬಾರದು.

ಆಟಗಾರನು ಒಂದು ವಹಿಯನ್ನಿಟ್ಟು ದಿನಾಂಕ, ಎದುರಾಳಿಯ ಹೆಸರು, ಪ್ರತಿ ಗೇಮಿನ ಅಂಕ, ಅವನ ಸರ್ವಿಸಿನಲ್ಲಿ ತಾನು ಗಳಿಸಿದ್ದೆಷ್ಟು ಎಂಬಿಷ್ಟನ್ನು ಬರೆಯಲಿ. ಇಪ್ಪತ್ತು ಪಂದ್ಯ ತುಂಬಿದ ಮೇಲೆ, ಅವುಗಳಲ್ಲಿ ಅರ್ಧವಾದರೂ ಹೊರಗಿನವರೊಡನೆ ಆಡಿದವಾಗಿದ್ದರೆ, ಆ ಪುಟಗಳನ್ನು ತೆರೆದು ಕೂಡಬಹುದು.