ಗೋರಿ ಹುಡುಕುವ ಮುನ್ನ ರಿಜಿಸ್ಟರ್ ಹುಡುಕಿ

ಮುತ್ತಜ್ಜನ ಗೋರಿ ನೋಡಬೇಕೆಂದು ನೇರ ಸ್ಮಶಾನಕ್ಕೇ ಹೊರಡಬೇಡಿ. ಬೆಂಗಳೂರಿನ ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನದಂಥ ಕಡೆ ಬರೀ ಹೆಸರು ಹಿಡಿದು ಅಲೆದರೆ ಕಾಲು ಸೋಲುತ್ತದೆ, ಅಷ್ಟೆ. ಅವರು ಯಾವ ಚರ್ಚಿನವರು, ಯಾವ ವರ್ಷ ತೀರಿಕೊಂಡರು ಎಂದು ಮೊದಲು ಮನೆಯ ಹಿರಿಯರನ್ನು ಕೇಳಿ. ಆ ಚರ್ಚಿನ ಮರಣ ರಿಜಿಸ್ಟರಿನಲ್ಲಿ ಹೂಳಿದ ದಿನಾಂಕ ಸಿಗುತ್ತದೆ, ಅದೃಷ್ಟವಿದ್ದರೆ ಗೋರಿಯ ಸಂಖ್ಯೆಯೂ. ದಂಡು ಪ್ರದೇಶದ ಬ್ರಿಟಿಷ್ ಅಥವಾ ಆಂಗ್ಲೋ ಇಂಡಿಯನ್ ಮನೆತನವಾದರೆ ಇನ್ನೊಂದು ದಾರಿಯಿದೆ: ಈಸ್ಟ್ ಇಂಡಿಯಾ ಕಂಪನಿ ಕಾಲದಿಂದಲೂ ಇಲ್ಲಿನ ಪಾದ್ರಿಗಳ ದಾಖಲೆಯ ನಕಲು ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿತ್ತು. ಅವು ಈಗ ಬ್ರಿಟಿಷ್ ಲೈಬ್ರರಿಯ ‘ಎನ್/2’ ಸರಣಿಯಲ್ಲಿವೆ. ಹೆಸರನ್ನು ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಬರೆದಿರಬಹುದು, ನಾಲ್ಕಾರು ಬಗೆಯಲ್ಲಿ ಹುಡುಕಿ.

ಸ್ಮಶಾನಕ್ಕೆ ಹೋಗುವುದು ಬೇಸಿಗೆಯಲ್ಲಿ, ಬೆಳಿಗ್ಗೆ. ಹುಲ್ಲು ಒಣಗಿರುತ್ತದೆ, ಓರೆ ಬಿಸಿಲಿಗೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಪಾಚಿಗೆ ನೀರು, ಮೆತ್ತನೆಯ ಬ್ರಷ್ ಸಾಕು. ಆಸಿಡ್, ತಂತಿ ಬ್ರಷ್ ಬೇಡವೇ ಬೇಡ, ಕಲ್ಲಿನ ಜತೆ ಅಕ್ಷರವೂ ಹೋದೀತು.

ಜಾಗ ಸಾಲದ ಸ್ಮಶಾನಗಳಲ್ಲಿ ಹಳೆಯ ಗುಂಡಿಯಲ್ಲೇ ಇನ್ನೊಬ್ಬರನ್ನು ಹೂಳಿರುವುದುಂಟು. ಬೇರೆ ಹೆಸರಿನ ಕಲ್ಲು ಕಂಡಿತೆಂದು ಕಾವಲುಗಾರನ ಮೇಲೆ ಹರಿಹಾಯಬೇಡಿ. ರಿಜಿಸ್ಟರಿನಲ್ಲಿ ಇಲ್ಲದ್ದನ್ನೂ ಎಷ್ಟೋ ಸಲ ಅವನೇ ತೋರಿಸುತ್ತಾನೆ.