ವಾಕ್ಯ ಸರಿ, ಬರಹ ಚೆಲ್ಲಾಪಿಲ್ಲಿ

ಪ್ರಶ್ನೆ: ನನ್ನ ಒಂಬತ್ತನೇ ತರಗತಿಯ ಮಕ್ಕಳು ಇಂಗ್ಲಿಷಿನಲ್ಲಿ ಬಿಡಿ ವಾಕ್ಯ ಸರಿಯಾಗೇ ಬರೆಯುತ್ತಾರೆ. ಪ್ರಬಂಧ ಬರೆಸಿದರೆ ಮಾತ್ರ ಒಂದು ಸಾಲಿಗೂ ಇನ್ನೊಂದಕ್ಕೂ ಸಂಬಂಧವೇ ಇರುವುದಿಲ್ಲ. ‘ಹೌಎವರ್’, ‘ಮೋರೋವರ್’ ಪಟ್ಟಿ ಬಾಯಿಪಾಠ ಮಾಡಿಸಿದೆ. ಈಗ ಸಿಕ್ಕ ಸಿಕ್ಕಲ್ಲಿ ಹಚ್ಚುತ್ತಾರೆ. ಏನು ಮಾಡಲಿ ಸರ್?
– ಹೈಸ್ಕೂಲ್ ಶಿಕ್ಷಕಿ, ಕಲ್ಲೋಳಿ

ಉತ್ತರ: ಮೇಡಂ, ಆ ಪಟ್ಟಿಯನ್ನು ಸದ್ಯ ಬದಿಗಿಡಿ. ಇಂಗ್ಲಿಷ್ ವಾಕ್ಯಗಳು ಹೆಣೆದುಕೊಳ್ಳುವ 5 ಬಗೆಗಳನ್ನು ಭಾಷಾವಿಜ್ಞಾನಿಗಳಾದ ಹ್ಯಾಲಿಡೇ ಮತ್ತು ರುಕಯ್ಯಾ ಹಸನ್ 1976ರಲ್ಲೇ ವಿವರಿಸಿದ್ದಾರೆ. ‘ಹೌಎವರ್’ನಂಥ ಪದಗಳದ್ದು ಅದರಲ್ಲಿ ಒಂದು ಬಗೆ ಅಷ್ಟೇ. ನಿಮ್ಮ ಮಕ್ಕಳಿಗೆ ಮೊದಲು ಬೇಕಾದದ್ದು, ಹಿಂದಿನ ಸಾಲಿನಲ್ಲಿ ಹೇಳಿದ್ದನ್ನು ಕೈಬಿಡದೆ ಮುಂದಕ್ಕೆ ಒಯ್ಯುವುದು.

ಉದಾಹರಣೆಗೆ, ಬೆಲ್ಲ ಹೇಗೆ ಮಾಡುತ್ತಾರೆಂದು ನಿಮ್ಮೂರ ಹುಡುಗನನ್ನು ಕೇಳಿ. ‘ಕಬ್ಬ ಕಡದು, ಗಾಣಕ್ಕ ತಂದು, ಹಾಲು ತಗದು, ಕೊಪ್ಪರಿಗ್ಯಾಗ ಕಾಸಿ...’ ಎಂದು ಒಂದೇ ಉಸಿರಿಗೆ ಹೇಳುತ್ತಾನೆ. ಕಡದು, ತಂದು, ಕಾಸಿ: ಕನ್ನಡದ ಹೊಲಿಗೆ ಇರುವುದೇ ಇಲ್ಲಿ. ಕಡಿದವರು ಯಾರೆಂದು ಹೇಳುವ ಗರಜೂ ಇಲ್ಲ. ಇಂಗ್ಲಿಷಿಗೆ ಹಾಗಲ್ಲ, ವಾಕ್ಯಕ್ಕೊಂದು ಕರ್ತೃ ಬೇಕು. ಮೊದಲು ‘ಎ ಫಾರ್ಮರ್’, ಮತ್ತೆ ಬಂದಾಗ ‘ದಿ ಫಾರ್ಮರ್’, ಆಮೇಲೆ ‘ಹಿ’. ಇದು ಗೊತ್ತಿಲ್ಲದ ಮಗು ‘ಫಾರ್ಮರ್’ ಎಂದೇ ಸಾಲುಸಾಲಿಗೂ ಬರೆಯುತ್ತದೆ, ಇಲ್ಲವೆ ಪೂರ್ತಿ ಬಿಟ್ಟುಬಿಡುತ್ತದೆ. ಅದನ್ನು ದಡ್ಡತನವೆಂದು ದಯವಿಟ್ಟು ಎಣಿಸಬೇಡಿ. ಕನ್ನಡದಲ್ಲಿ ಸರಿಯಾದದ್ದನ್ನೇ ಅದು ನಂಬಿದೆ.

ಹಾಗಾಗಿ ಬೆಲ್ಲದ ಕೆಲಸವನ್ನು ಮೊದಲು ಕನ್ನಡದಲ್ಲೇ ಹೇಳಿಸಿ. ಬಳಿಕ ಇಂಗ್ಲಿಷ್ ವಾಕ್ಯಗಳನ್ನು ಚೀಟಿಗಳಲ್ಲಿ ಬರೆದು ಕಲಸಿ ಕೊಡಿ. ‘ದಿ ಕೇನ್ ಈಸ್ ಕ್ರಶ್ಡ್. ದಿ ಜ್ಯೂಸ್ ಫ್ಲೋಸ್ ಇಂಟು ಎ ಪ್ಯಾನ್. ದೇರ್ ಇಟ್ ಈಸ್ ಬಾಯ್ಲ್ಡ್.’ ಇಬ್ಬಿಬ್ಬರು ಕೂತು ಚೀಟಿ ಜೋಡಿಸಲಿ. ‘ಇಟ್’ ಅಂದರೆ ಯಾವುದು, ‘ದೇರ್’ ಅಂದರೆ ಎಲ್ಲಿ ಎಂದು ಹಿಂದಿನ ಸಾಲಿಗೆ ಗೆರೆ ಎಳೆದು ತೋರಿಸಲಿ. ಜಗಳವಾಡಿದರೆ ಆಡಲಿ, ಪಾಠ ನಡೆಯುವುದೇ ಆ ಜಗಳದಲ್ಲಿ. ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸಿನ ಕಡೆಯ ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗದ ನಂಬಿಕೆಯೂ ಇದೇ: ಅರ್ಥ ಹುಡುಕುವ ಕೆಲಸ ಕೊಟ್ಟರೆ ವ್ಯಾಕರಣ ಮಗುವಿನೊಳಗೆ ತಾನಾಗಿ ಬೆಳೆಯುತ್ತದೆ.

ಪ್ರಶ್ನೆ: ಮಗಳ ಇಂಗ್ಲಿಷ್ ನೋಟ್‌ಬುಕ್ ತುಂಬ ಕೆಂಪು ಗೀಟು. ಅವಳೀಗ ಬರೆಯಲಿಕ್ಕೇ ಹೆದರುತ್ತಾಳೆ.
– ಪಾಲಕರು, ಹುಕ್ಕೇರಿ

ಉತ್ತರ: ಬರೆದದ್ದನ್ನು ಅವಳಿಂದಲೇ ಗಟ್ಟಿಯಾಗಿ ಓದಿಸಿ. ನಿಮಗೆ ಇಂಗ್ಲಿಷ್ ಬಾರದಿದ್ದರೂ ಅಡ್ಡಿಯಿಲ್ಲ, ಅರ್ಥವನ್ನು ಕನ್ನಡದಲ್ಲಿ ಹೇಳಿಸಿ. ದಾರಿ ತಪ್ಪಿದಲ್ಲಿ ‘ಯಾರು? ಆಮ್ಯಾಲೆ?’ ಎಂದು ಕೇಳಿ. ಉತ್ತರ ಬಂದಲ್ಲಿ ಒಂದು ಸಾಲು ಸೇರಿಸಿ ತಿರುಗಿ ಬರೆಯಲಿ. ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ: ಒಂದು ಸಲಕ್ಕೆ ಒಂದೇ ಬಗೆಯ ತಪ್ಪು ತಿದ್ದಿ, ತಿದ್ದಿದ ಮೇಲೆ ಮತ್ತೊಮ್ಮೆ ಬರೆಯಲು ಮಗುವಿಗೆ ಸಮಯ ಕೊಡಿ.